ಮಗುವಿಗೆ ಥೆರಪಿ ಬೇಕೇ ಎಂದು ಕೇಳುವವರಿಗೆ

‘ನಮ್ಮ ಮಗುವೂ ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತದೆ. ಥೆರಪಿಗೆ ಕರೆದುಕೊಂಡು ಹೋಗಬೇಕೇ?’ ನನ್ನ ಮಗಳು ಆಕ್ಯುಪೇಷನಲ್ ಥೆರಪಿಗೆ (ಊಟ, ಸ್ನಾನ, ಆಟದಂಥ ದಿನನಿತ್ಯದ ಕೆಲಸಗಳಿಗೆ ನೆರವಾಗುವ ಚಿಕಿತ್ಸೆಗೆ) ಹೋಗುತ್ತಾಳೆಂದು ತಿಳಿದವರೆಲ್ಲ ಇದನ್ನು ಕೇಳುತ್ತಾರೆ. ಎರಡು ವರ್ಷದ ಮಕ್ಕಳ ತಾಯಂದಿರಂತೂ ತಪ್ಪದೆ ಕೇಳುತ್ತಾರೆ.

ನಾನು ತಿರುಗಿ ಕೇಳುವುದು ಒಂದೇ: ಅದರಿಂದ ಮಗುವಿನ ದಿನದಲ್ಲಿ ಏನು ನಿಂತುಹೋಗಿದೆ? ಮಿಕ್ಸಿ ನಿಂತೊಡನೆ ಮಗು ಆಟಕ್ಕೆ ಮರಳುವುದಾದರೆ, ಅಂಗಿಯ ಲೇಬಲ್ ಕತ್ತರಿಸಿದರೆ ಸುಮ್ಮನಾಗುವುದಾದರೆ, ನಾನು ಗಾಬರಿಯಾಗುವುದಿಲ್ಲ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಎರಡು ವರ್ಷ ತುಂಬುವ ಹೊತ್ತಿಗೆ ಅವಳ ಊಟ ಬಿಸ್ಕತ್ತು, ಒಣ ಅವಲಕ್ಕಿಗೆ ಇಳಿದಿತ್ತು. ಮೊಸರನ್ನ ಕೈಗೆ ತಾಗಿದರೂ ವಾಂತಿ. ತಲೆಗೆ ನೀರು ಹಾಕಿದ ದಿನ ರಾತ್ರಿಯವರೆಗೂ ಅಳು. ಓಲಗದ ಸದ್ದಿಗೆ ಹೆದರಿ ಮದುವೆಗಳಿಗೆ ಹೋಗುವುದನ್ನೇ ಬಿಟ್ಟೆವು. ‘ಹಟ, ಎರಡು ಕೊಟ್ಟರೆ ಸರಿಹೋಗುತ್ತದೆ’ ಎಂದರು ಹಿರಿಯರು. ಹಟ ಹಿಡಿದ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ಇವಳು ಏನನ್ನೂ ಕೇಳುತ್ತಿರಲಿಲ್ಲ, ಹೆದರಿ ನಡುಗುತ್ತಿದ್ದಳು.

ಆದರೂ ಮೊದಲು ಹೋಗಬೇಕಾದದ್ದು ಮಕ್ಕಳ ವೈದ್ಯರ ಬಳಿಗೆ. ಸಂವೇದನೆಯ ತೊಂದರೆ (ಸದ್ದು, ಸ್ಪರ್ಶದಂಥವನ್ನು ತಾಳಲಾಗದಿರುವುದು) ಎಂದು ಹೆಸರಿಟ್ಟು ಅಲ್ಲಿಗೇ ನಿಲ್ಲಬಾರದು, ಆಟಿಸಂ, ಬೆಳವಣಿಗೆಯ ತೊಡಕು, ಆತಂಕ ಇವೆಯೇ ಎಂದು ನೋಡಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ. ಶ್ರವಣ ಪರೀಕ್ಷೆಯನ್ನೂ ಮಾಡಿಸಿ. ಹೆಸರು ಕರೆದರೆ ತಿರುಗದ, ಬೆರಳು ಮಾಡಿ ತೋರಿಸದ, ಆಡುತ್ತಿದ್ದ ಮಾತು ನಿಂತುಹೋದ ಮಗುವಾದರೆ ‘ಮೂರು ವರ್ಷವಾಗಲಿ’ ಎಂದು ಖಂಡಿತ ಕಾಯಬೇಡಿ. ಹಣದ ಚಿಂತೆಯಿದ್ದರೆ ಅಂಗನವಾಡಿಯಲ್ಲಿ ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳನ್ನು ತಪಾಸಣೆ ಮಾಡಿ ಮಕ್ಕಳ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಉಚಿತವಾಗಿ ಕಳುಹಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ಥೆರಪಿ ಎಂದರೆ ನಮ್ಮ ಪಾಲಿಗೆ ಉಯ್ಯಾಲೆ, ತುಂಬಿದ ಬುಟ್ಟಿಯನ್ನು ತಳ್ಳುವ ಆಟ, ಡಬ್ಬಿಯ ತುಂಬ ರಾಗಿ. ಮೊದಲು ಒಣ ರಾಗಿಯಲ್ಲಿ ಕೈಯಾಡಿಸಿದಳು, ವಾರಗಳ ಮೇಲೆ ಒದ್ದೆ ಹಿಟ್ಟನ್ನು ಒಂದೇ ಬೆರಳಿನಿಂದ ಮುಟ್ಟಿದಳು. ಬಲವಂತ ಮಾಡುವ ಕೇಂದ್ರವಾದರೆ ಎದ್ದು ಬನ್ನಿ. ಮೂರು ತಿಂಗಳಿಗೆ ಏನು ಬದಲಾಗಬೇಕೆಂದು ಮೊದಲ ದಿನವೇ ಥೆರಪಿಸ್ಟ್ ಜೊತೆ ಕುಳಿತು ಬರೆದಿಡಿ. ಬದಲಾಗದಿದ್ದರೆ ಮುಂದುವರಿಸಬೇಕೇ ಎಂದು ಕೇಳುವ ಹಕ್ಕು ನಿಮಗಿದೆ. ನಾವು ಬರೆದದ್ದು ಎರಡು: ಅಳುವಿಲ್ಲದ ತಲೆಸ್ನಾನ, ಊಟಕ್ಕೆ ಇನ್ನೊಂದು ಪದಾರ್ಥ. ಈಗ ಚೊಂಬನ್ನು ತಾನೇ ಹಿಡಿದು ತಲೆಗೆ ನೀರು ಹಾಕಿಕೊಳ್ಳುತ್ತಾಳೆ, ಇಡ್ಲಿ ತಿನ್ನುತ್ತಾಳೆ. ಓಲಗ ಮಾತ್ರ ಇನ್ನೂ ಆಗದು. ಮದುವೆಗಳಿಗೆ ಊಟದ ಹೊತ್ತಿಗೆ ಹೋಗುತ್ತೇವೆ.