ಟ್ರ್ಯಾಕ್ಟರಿಗೆ ಅಡ್ಡ ನಿಂತ ಟಿಟ್ಟಿಭ

ಇಷ್ಟದ ಹಕ್ಕಿ ಯಾವುದು ಅಂತ ಕೇಳಿದರೆ ನಮ್ಮ ಆಫೀಸಿನಲ್ಲಿ ಹೆಚ್ಚಿನವರು ನವಿಲು, ಗಿಳಿ ಅನ್ನುತ್ತಾರೆ. ಕ್ಯಾಮೆರಾ ಇಟ್ಟುಕೊಂಡವರು ಮಾತ್ರ ಭಾನುವಾರ ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೋ ಕೊಂಡಜ್ಜಿ ಕೆರೆ ದಡದಲ್ಲೋ ಕಂಡ ಬಾತುಗಳ ಹೆಸರು ಹೇಳುತ್ತಾರೆ. ನನಗೆ ಟಿಟ್ಟಿಭ. ಅದರ ಹಾಗೆ ಕೂಗಿ ತೋರಿಸಿದರೆ, "ಓ, ಅದಾ! ರಾತ್ರಿಯೆಲ್ಲ ಕಿರುಚುತ್ತಲ್ಲ" ಅಂತ ನಗುತ್ತಾರೆ.

ನಗಲಿ ಬಿಡಿ. ನೋಡೋಕೆ ಚೆನ್ನಾಗಿಯೇ ಇದೆ. ಕರಿ ತಲೆ, ಕರಿ ಎದೆ, ಕೆನ್ನೆಯಿಂದ ಹೊಟ್ಟೆಗೆ ಇಳಿಯುವ ಬಿಳಿ ಪಟ್ಟೆ, ಕಣ್ಣಿನ ಮುಂದೆ ಕೆಂಪು ತೊಗಲಿನ ಚೂರು, ಉದ್ದನೆಯ ಹಳದಿ ಕಾಲು. ಮರದ ಮೇಲೆ ಕೂರುವ ಹಕ್ಕಿ ಇದಲ್ಲ. ಹಿಂಬೆರಳು ಇದ್ದೂ ಇಲ್ಲದಷ್ಟು ಚಿಕ್ಕದು, ಕೊಂಬೆ ಹಿಡಿಯೋಕೆ ಬರಲ್ಲ. ಊಟ, ನಿದ್ದೆ, ಸಂಸಾರ ಎಲ್ಲ ನೆಲದ ಮೇಲೇ. ಆಕಾಶ ಕಳಚಿ ಬಿದ್ದರೆ ತಡೆಯೋಣ ಅಂತ ಕಾಲು ಮೇಲೆ ಮಾಡಿ ಮಲಗುತ್ತದೆ ಅಂತ ಇದರ ಮೇಲೊಂದು ಗೇಲಿಯ ಕತೆಯೂ ಇದೆ. ಮೊಟ್ಟೆ ಕಾಯುವ ಟಿಟ್ಟಿಭವನ್ನು ನೋಡಿದವರೇ ಆ ಕತೆ ಕಟ್ಟಿರಬೇಕು.

ನಾನು ಅದನ್ನು ನೋಡಿದ್ದು ಭರಮಸಾಗರದ ಹತ್ತಿರ, ನಮ್ಮ ಸೋದರಮಾವನ ಹೊಲದಲ್ಲಿ. ರೋಹಿಣಿ ಮಳೆ ಚೆನ್ನಾಗಿ ಆಗಿತ್ತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುತ್ತಿದ್ದ ಸೀಮೆ ಇದು. ಈಗ ಓಣಿಯೆಲ್ಲ ಮೆಕ್ಕೆಜೋಳ. ಬಿತ್ತನೆಗೆ ಮೊದಲು ಟ್ರ್ಯಾಕ್ಟರಿನಲ್ಲಿ ಇನ್ನೊಂದು ಸಲ ಕುಂಟೆ ಹೊಡೆಸುತ್ತಿದ್ದರು. ಅತ್ತೆ ಮತ್ತು ಕೂಲಿಯ ಹೆಂಗಸರು ಬೇವಿನ ಮರದ ಕೆಳಗೆ ಗುಲಾಬಿ ಬಣ್ಣದ ಔಷಧಿ ಬಳಿದ ಬೀಜದ ಪಾಕೀಟು ಬಿಚ್ಚುತ್ತಿದ್ದರು.

ಟ್ರ್ಯಾಕ್ಟರ್ ಹಿಂದೆ ಒಂದು ಮೆರವಣಿಗೆಯೇ ಇತ್ತು. ಬೆಳ್ಳಕ್ಕಿಗಳು ಅಳುಕದೆ ಚಕ್ರದ ಪಕ್ಕದಲ್ಲೇ ನಡೆಯುತ್ತಿದ್ದವು. ಗೊರವಂಕಗಳು ಮಾತ್ರ ಮಣ್ಣು ಮಗುಚಿದ ಮೇಲೆ ಓಡಿ ಬಂದು ಹುಳ ಹೆಕ್ಕುತ್ತಿದ್ದವು, ಜೊತೆಗೆ ಜಗಳ ಬೇರೆ. ಕಾಜಾಣಕ್ಕೆ ಅಷ್ಟು ದುಡಿಮೆ ಬೇಕಿಲ್ಲ. ವಿದ್ಯುತ್ ತಂತಿ ಮೇಲೆ ಕೂತು, ಎದ್ದ ಹುಳವನ್ನು ಗಾಳಿಯಲ್ಲೇ ಹಿಡಿದು ವಾಪಸ್ ತಂತಿಗೆ. ಅದೇ ತಂತಿಯ ಆ ತುದಿಗೆ ಒಂದು ನೀಲಕಂಠವೂ ಇತ್ತು. ನಮ್ಮ ರಾಜ್ಯದ ಹಕ್ಕಿ ಪಾಪ, ಯಾರೂ ತಲೆ ಎತ್ತಿ ನೋಡಲಿಲ್ಲ.

ಹೊಲದ ಮೂಡಲ ಬದುವಿನ ಹತ್ತಿರ ಹೋಗುತ್ತಿದ್ದ ಹಾಗೆ ಟಿಟ್ಟಿಭದ ಕೂಗು ಶುರುವಾಯಿತು. ಒಂದು ಹಕ್ಕಿ ಡ್ರೈವರ್ ಹುಡುಗನ ತಲೆಗೆ ತಾಗುವಷ್ಟು ಕೆಳಗೆ ಹಾರಿ ಬೈಯುತ್ತಿತ್ತು. ಇನ್ನೊಂದು ಹಾರಲೇ ಇಲ್ಲ. ಮುಂದಿನ ಚಕ್ರಕ್ಕೆ ಎದುರಾಗಿ ಎರಡೂ ರೆಕ್ಕೆ ಬಿಚ್ಚಿ ನಿಂತಿತ್ತು. ಒಂದು ಸೇರಿನಷ್ಟಿಲ್ಲದ ಹಕ್ಕಿ!

"ನಿಲ್ಸಲೇ!" ಅಂತ ಮಾವ ಬದುವಿನಿಂದಲೇ ಕೂಗಿದರು. ಗಂಟೆ ಲೆಕ್ಕದ ಬಾಡಿಗೆ, ನಿಂತರೂ ದುಡ್ಡೇ. ಆದರೂ ನಿಲ್ಲಿಸಿದರು.

ಹುಡುಕೋಕೆ ಸುಮಾರು ಹೊತ್ತು ಹಿಡಿಯಿತು. ಗೂಡು ಅಂತ ಏನೂ ಇಲ್ಲ. ನೆಲದಲ್ಲೊಂದು ಸಣ್ಣ ತಗ್ಗು, ಸುತ್ತ ನಾಲ್ಕಾರು ಬೆಣಚುಕಲ್ಲು. ಮಣ್ಣಿನ ಬಣ್ಣಕ್ಕೆ ಕರಿ ಮಚ್ಚೆ ಚೆಲ್ಲಿದ ನಾಲ್ಕು ಮೊಟ್ಟೆ, ಚೂಪು ತುದಿ ಒಳಕ್ಕೆ ಮಾಡಿ ಜೋಡಿಸಿದ ಹಾಗೆ. ನೋಡುತ್ತಿದ್ದ ಹಾಗೇ ಕಣ್ಣು ತಪ್ಪಿಸಿ ಮಣ್ಣಾಗಿಬಿಡುತ್ತಿದ್ದವು.

"ಗೌಡ್ರೇ, ಎತ್ತಿ ಬದುವಿನ ಮೇಲೆ ಇಟ್ರೆ ಆಗಲ್ವಾ?" ಅಂದ ಹುಡುಗ.

"ನಿಮ್ಮನಿ ಯಾರಾನ ಎತ್ತಿ ಬದುವಿನ ಮೇಲೆ ಇಟ್ರೆ ಸುಮ್ನಿರ್ತೀಯಾ? ಸುತ್ತ ಎರಡು ಮಾರು ಬಿಟ್ಟು ಹೊಡಿ" ಅಂದರು ಮಾವ. ಗುರುತಿಗೆ ಒಂದು ಕೋಲು ನೆಟ್ಟರು. ಕೋಲಿನ ಮೇಲೆ ಕಾಗೆ ಕೂತರೆ ಮೊಟ್ಟೆ ಕಣ್ಣಿಗೆ ಬೀಳುತ್ತದೆ ಅಂತ ಅತ್ತೆ ನೆನಪಿಸಿದ ಮೇಲೆ ಅದನ್ನು ಕಿತ್ತು ದೂರ ನೆಟ್ಟರು.

ಮಧ್ಯಾಹ್ನ ಎಲ್ಲರೂ ರೊಟ್ಟಿ ತಿಂದು ಅಡ್ಡಾದರೆ ನಾನು ಬೇವಿನ ಮರದ ಕೆಳಗೆ ಅದನ್ನೇ ನೋಡುತ್ತಾ ಕೂತೆ. ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಹಕ್ಕಿ ಹಳ್ಳದ ಕಡೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂತು. ಕೂತಿದ್ದು ಎದ್ದಿತು, ನೆನೆದು ಬಂದದ್ದು ಕೂತಿತು. ಮೊಟ್ಟೆ ಬೇಯದ ಹಾಗೆ ತಂಪು ಮಾಡುವ ಉಪಾಯ ಇದು. ಗಂಡು, ಹೆಣ್ಣು ಎರಡೂ ಪಾಳಿ ಹಾಕಿಕೊಂಡು ಕಾವು ಕೊಡುತ್ತವೆ. ಮರಿ ಹೊರಬರಲು ಹತ್ತಿರ ಹತ್ತಿರ ನಾಲ್ಕು ವಾರ ಬೇಕು. ಬಂದ ಮೇಲೆ ಗೂಡಿನಲ್ಲಿ ಬಾಯಿ ಕಳೆದು ಕೂರುವ ಜಾತಿಯಲ್ಲ. ಮೈ ಒಣಗಿದ ಸ್ವಲ್ಪ ಹೊತ್ತಿಗೆ ಓಡಾಡಿ ತಾವೇ ಹುಳ ಹೆಕ್ಕುತ್ತವೆ.

ಮಾವನ್ನ ಹಕ್ಕಿಪ್ರೇಮಿ ಅಂತ ಮಾತ್ರ ಅಂದುಕೊಳ್ಳಬೇಡಿ. ಅವರ ಹತ್ತಿರ ಹಕ್ಕಿಗಳ ಖಾತೆ ಪುಸ್ತಕವೇ ಇದೆ.

"ನೋಡವ್ವಾ, ಟಿಟ್ಟಿಭ ಹುಳ ತಿಂತೈತೆ, ಕಾಳು ಮುಟ್ಟಲ್ಲ. ಅದ್ರ ಕೂಡೆ ನಂದೇನೂ ಜಗಳ ಇಲ್ಲ. ಕಾಜಾಣ ಬಂಗಾರ. ಆ ನವಿಲಿನ ಸುದ್ದಿ ಮಾತ್ರ ಎತ್ತಬ್ಯಾಡ."

ನವಿಲು ಮೊಳಕೆಯನ್ನೇ ಕಿತ್ತು ಕಾಳು ತಿಂದು ಹೋಗುತ್ತದೆ, ಸಾಲಿಗೆ ಸಾಲೇ ಖಾಲಿ. ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ. ಬೈಯಬಹುದು, ಅಷ್ಟೇ. ಮಾವ ಧಾರಾಳವಾಗಿ ಬೈಯುತ್ತಾರೆ.

ಕಾಜಾಣ ಬಂಗಾರವಾದದ್ದು ಫಾಲ್ ಆರ್ಮಿವರ್ಮ್ ಅನ್ನುವ ಹೊರದೇಶದ ಸೈನಿಕ ಹುಳು ಬಂದ ಮೇಲೆ. 2018ರಲ್ಲಿ ದೇಶದಲ್ಲೇ ಮೊದಲು ಅದು ಕಂಡದ್ದು ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಸುಳಿಯೊಳಗೆ ಕೂತು ತಿನ್ನುವ ಆ ಹುಳಕ್ಕೆ ಔಷಧಿ ಹೊಡೆದು ಹೊಡೆದು ಸಾಕಾಗಿ, ಮಾವ ಹೊಲದ ಉದ್ದಕ್ಕೂ ಹಕ್ಕಿ ಕೂರಲೆಂದೇ ಅಡ್ಡ ಕಡ್ಡಿ ಕಟ್ಟಿದ ಕೋಲು ನೆಡುತ್ತಾರೆ. ಕಡಲೆ ಹಾಕಿದ ವರ್ಷ ಮಂಡಕ್ಕಿಯನ್ನೂ ಚೆಲ್ಲುತ್ತಾರೆ. ಮಂಡಕ್ಕಿಗೆ ಬಂದ ಹಕ್ಕಿ ಕಾಯಿ ಕೊರೆಯುವ ಹುಳವನ್ನೂ ತಿನ್ನಲಿ ಅಂತ. ದಾವಣಗೆರೆ ಮಂಡಕ್ಕಿ ಬೇಡ ಅನ್ನೋರು ಯಾರಿದ್ದಾರೆ?

ಆಮೇಲೆ ಮಾವನ ಫೋನ್ ಬಂತು. ಮರಿಗಳು ಎದ್ದು ಹೋಗಿದ್ದವಂತೆ. ಎಷ್ಟು, ಯಾವಾಗ ಅಂತ ಯಾರೂ ನೋಡಿಲ್ಲ, ಚಿಪ್ಪಿನ ಚೂರು ಮಾತ್ರ ಅತ್ತೆಗೆ ಸಿಕ್ಕಿತಂತೆ. ನಾನು ಖುಷಿಪಡುವಷ್ಟರಲ್ಲಿ ಮಾವ ಅಂದರು: "ಖುಷಿ ಆಮ್ಯಾಲೆ ಪಡುವಂತಿ. ನಿನ್ನ ಹಕ್ಕಿಗೆ ಬಿಟ್ಟ ಜಾಗದಾಗೆ ಕಸ ಮೊಣಕಾಲುದ್ದ ಎದ್ದೈತೆ. ಈ ಸಲ ಬರೋವಾಗ ಕುಡುಗೋಲು ಹಿಡ್ಕಂಡೇ ಬಾ."