ಒಂದು ರೂಲ್ ಬದಲಾದ್ರೆ ಕುದುರೆ ಬೆಲೆನೂ ಬದಲಾಗುತ್ತೆ

ಚೆಸ್ ವೇರಿಯಂಟ್ (ಅಂದ್ರೆ ಚೆಸ್‌ನ ರೂಲ್ ಸ್ವಲ್ಪ ಬದಲಿಸಿ ಆಡೋ ಆಟ) ಅಂದ ತಕ್ಷಣ ತುಂಬ ಜನ ಅದೆಲ್ಲ ಬರೀ ಟೈಮ್‌ಪಾಸ್, ಆಡಿದ್ರೆ ಇರೋ ಆಟಾನೂ ಕೆಡುತ್ತೆ ಅಂತಾರೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಚೆಸ್ ಕಲಿಯೋವಾಗ ಶುರುವಿನಲ್ಲೇ ಕಾಯಿಗಳ ಬೆಲೆಯ ಒಂದು ಲೆಕ್ಕ ಬಾಯಿಪಾಠ ಮಾಡ್ಕೊಂಡಿರ್ತೀವಿ, ಪಾನ್‌ಗೆ (ಕಾಲಾಳಿಗೆ) 1, ಕುದುರೆಗೂ ಒಂಟೆಗೂ 3, ಆನೆಗೆ 5, ರಾಣಿಗೆ 9 ಅಂತ. ಬೆಲೆ ಅಷ್ಟೇ ಯಾಕೆ ಅಂತ ಕೇಳೋರು ಕಡಿಮೆ. ವೇರಿಯಂಟ್ ಆಡೋಕೆ ಹೊರಟ್ರೆ ಆ ಪ್ರಶ್ನೆ ತಾನಾಗೇ ಎದುರಿಗೆ ಬಂದು ನಿಲ್ಲುತ್ತೆ, ಯಾಕಂದ್ರೆ ಒಂದೇ ಒಂದು ರೂಲ್ ಬದಲಾದ್ರೂ ಆ ಲೆಕ್ಕ ಪೂರ್ತಿ ಅಡಿಮೇಲಾಗುತ್ತೆ. ನನಗೆ ಇದರಲ್ಲಿ ಸಿಗೋ ಖುಷಿ ಎಲ್ಲ ಅಲ್ಲೇ ಇದೆ.

ನನಗೆ ಎಲ್ಲಕ್ಕಿಂತ ಇಷ್ಟ ಕ್ರೇಜಿಹೌಸ್. ನೀವು ಹೊಡೆದ ಕಾಯಿ ನಿಮ್ಮ ಬಣ್ಣಕ್ಕೆ ತಿರುಗಿ ನಿಮ್ಮ ಕೈಗೇ ಬರುತ್ತೆ, ನಿಮ್ಮ ಸರದಿ ಬಂದಾಗ ಬೇರೆ ಕಾಯಿ ನಡೆಸೋ ಬದಲು ಅದನ್ನ ಯಾವುದಾದ್ರೂ ಖಾಲಿ ಮನೇಲಿ ಇಡಬಹುದು (ಪಾನ್ ಮಾತ್ರ ಮೊದಲನೇ ಸಾಲು, ಎಂಟನೇ ಸಾಲಲ್ಲಿ ಇಡೋ ಹಾಗಿಲ್ಲ). ಜಪಾನಿನ ಶೋಗಿ ಆಟದಲ್ಲೂ ಹೀಗೇ, ಆದ್ರೆ ಅಲ್ಲಿ ಪಾನ್ ಇಟ್ಟು ಅದರಿಂದಲೇ ನೇರವಾಗಿ ಮೇಟ್ (ರಾಜ ತಪ್ಪಿಸ್ಕೊಳ್ಳೋಕೆ ಆಗದ ಚೆಕ್) ಮಾಡೋ ಹಾಗಿಲ್ಲ, ಕ್ರೇಜಿಹೌಸ್‌ನಲ್ಲಿ ಧಾರಾಳವಾಗಿ ಮಾಡಬಹುದು. ಈಗ ನೋಡಿ, ಕಾಯಿಗಳು ಬೋರ್ಡ್‌ನಿಂದ ಹೋಗಿ ಮಾಯ ಆಗೋದೇ ಇಲ್ಲ, ಅಂದ್ರೆ ನಾವು ಕಷ್ಟಪಟ್ಟು ಕಲಿತ ಎಂಡ್‌ಗೇಮ್ (ಕೆಲವೇ ಕಾಯಿ ಉಳಿದಿರೋ ಕೊನೇ ಹಂತ) ಹೆಚ್ಚೂ ಕಡಿಮೆ ಬರೋದೇ ಇಲ್ಲ, ಒಂದು ಪಾನ್ ಜಾಸ್ತಿ ಇದೆ ನಿಧಾನಕ್ಕೆ ಗೆಲ್ತೀನಿ ಅನ್ನೋ ನೆಮ್ಮದಿನೂ ಇರಲ್ಲ. ರಾಣಿ ಹೋದ್ರೆ ನಿಮ್ಮದೊಂದು ಕಾಯಿ ಹೋಯ್ತು ಅಷ್ಟೇ ಅಲ್ಲ, ಎದುರಿನವರ ಕೈಗೆ ಒಂದು ರಾಣಿ ಕೊಟ್ಟ ಹಾಗೆ, ಅದು ಮುಂದಿನ ನಡೆಗೇ ನಿಮ್ಮ ರಾಜನ ಪಕ್ಕ ಬಂದು ಕೂರಬಹುದು. ಆನೆ ಹೊರಗೆ ಬರೋಕೆ ಟೈಮ್ ತಗೊಳುತ್ತೆ, ಇಲ್ಲಿ ಅಷ್ಟು ಟೈಮ್ ಯಾರಿಗೂ ಇರಲ್ಲ, ಹಾಗಾಗಿ ಅದರ ಬೆಲೆ ಇಳಿಯುತ್ತೆ. ಏರೋದು ಕುದುರೆ ಬೆಲೆ. ಆನೆ, ಒಂಟೆ, ರಾಣಿ ದೂರದಿಂದ ಚೆಕ್ ಕೊಟ್ರೆ ಮಧ್ಯೆ ಕೈಲಿರೋ ಒಂದು ಪಾನ್ ಇಟ್ಟು ತಡೀಬಹುದು, ಕುದುರೆ ಚೆಕ್‌ಗೆ ಆ ದಾರಿನೇ ಇಲ್ಲ, ಒಂದೋ ಕುದುರೆ ಹೊಡೀಬೇಕು ಇಲ್ಲ ರಾಜ ಓಡಬೇಕು.

ಕ್ರೇಜಿಹೌಸ್ ಆಡೋರಿಗೆ ನಾನು ಹೇಳೋದು ಒಂದೇ, ಕೈಲಿ ಏನಿದೆ ಅಂತ ಎಣಿಸೋಕಿಂತ ಮುಂದಿನ ಚೆಕ್ ಯಾರದು ಅಂತ ನೋಡಿ. ಬಿಡದೆ ಚೆಕ್ ಕೊಡ್ತಾ ಹೋದ್ರೆ ಎದುರಿನವರ ಕೈಲಿ ಎರಡು ರಾಣಿ ಇದ್ರೂ ಅವರಿಗೆ ಅದನ್ನ ದಾಳಿಗೆ ಇಳಿಸೋ ಪುರುಸೊತ್ತೇ ಸಿಗಲ್ಲ. ಅದಕ್ಕೇ ಒಂದು ಆನೆ ಬಿಟ್ಕೊಟ್ಟು ದಾಳಿ ಮುಂದುವರಿಸೋದು ಇಲ್ಲಿ ದಿನನಿತ್ಯದ ವ್ಯವಹಾರ, ಆದ್ರೆ ಬಿಟ್ಕೊಡೋ ಮುಂಚೆ ಆ ಆನೆ ಅವರ ಕೈಗೆ ಹೋದ್ಮೇಲೆ ಎಲ್ಲಿ ಬಂದು ಕೂರುತ್ತೆ ಅಂತ ನೋಡ್ಕೊಳ್ಳಲೇಬೇಕು. ಇದನ್ನೇ ನಾಲ್ಕು ಜನ ಎರಡು ಬೋರ್ಡ್‌ನಲ್ಲಿ ಆಡಿದ್ರೆ ಬಗ್‌ಹೌಸ್, ನೀವು ಹೊಡೆದ ಕಾಯಿ ಪಾರ್ಟ್ನರ್‌ಗೆ ಹೋಗುತ್ತೆ. ಅಲ್ಲಿ ಒಂದು ಕುದುರೆ ಬರೋ ತನಕ ನಡೆ ಆಡದೆ ಗಡಿಯಾರ ಓಡೋಕೆ ಬಿಟ್ಟು ಸುಮ್ನೆ ಕೂರೋದೂ ಒಂದು ಸ್ಟ್ರಾಟಜಿನೇ!

ಅಟಾಮಿಕ್ ಚೆಸ್ ಬೇರೆ ಥರ. ಕಾಯಿ ಹೊಡೆದ್ರೆ ಸ್ಫೋಟ ಆಗುತ್ತೆ, ಹೊಡೆದಿದ್ದೂ ಹೊಡೆಸ್ಕೊಂಡಿದ್ದೂ ಎರಡೂ ಹೋಗುತ್ತೆ, ಜೊತೆಗೆ ಸುತ್ತಲಿನ 8 ಮನೇಲಿ ಪಾನ್ ಬಿಟ್ಟು ಇರೋದೆಲ್ಲ ಹೋಗುತ್ತೆ, ಎದುರಿನ ರಾಜ ಅದರಲ್ಲಿ ಸಿಕ್ಕಿದ್ರೆ ನೀವು ಗೆದ್ದಿರಿ. ಹಾಗಾಗಿ ಬಿಳಿಯವರು ಮೊದಲನೇ ನಡೆಗೆ ಕುದುರೇನ ಎಫ್3ಗೆ (ಮನೆ ಹೆಸರಲ್ಲಿ ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು) ತಂದ್ರೆ ಅದು ಶಾಂತವಾದ ನಡೆ ಅಲ್ಲ. ಅಲ್ಲಿಂದ ಜಿ5 ಅಥವಾ ಇ5, ಆಮೇಲೆ ಎಫ್7 ಪಾನ್ ಹೊಡೆದ್ರೆ ಪಕ್ಕದ ಇ8ರಲ್ಲಿರೋ ರಾಜ ಸಿಡಿದು ಹೋಗ್ತಾನೆ. ಅದಕ್ಕೇ ಕಪ್ಪಿನವರು ಸಾಮಾನ್ಯವಾಗಿ ಎಫ್6 ಆಡಿ ಆ ಎರಡೂ ಮನೆ ಕಾಯ್ತಾರೆ. ರಾಜ ತಾನು ಹೊಡೆದ್ರೆ ತಾನೇ ಸಿಡೀತಾನೆ, ಹಾಗಾಗಿ ರಾಜನಿಗೆ ಏನನ್ನೂ ಹೊಡಿಯೋ ಹಾಗಿಲ್ಲ. ಇಲ್ಲಿ ಒಂದು ತುಂಬ ಚಂದದ ವಿಷಯ ಇದೆ. ಎರಡು ರಾಜರು ಅಕ್ಕಪಕ್ಕದ ಮನೆಗೆ ಬಂದ್ರೆ ಇಬ್ಬರೂ ಸೇಫ್, ಒಬ್ಬನನ್ನ ಸಿಡಿಸೋಕೆ ಹೋದ್ರೆ ಇನ್ನೊಬ್ಬನೂ ಹೋಗ್ತಾನಲ್ಲ. ಸೋಲ್ತಾ ಇರೋರು ತಮ್ಮ ರಾಜನನ್ನ ಎದುರಿನ ರಾಜನ ಕಡೆಗೇ ಓಡಿಸ್ತಾರೆ, ಗೆಲ್ತಾ ಇರೋರು ದೂರ ಓಡ್ತಾರೆ! ಮಾಮೂಲಿ ಚೆಸ್‌ನಲ್ಲಿ ಎಷ್ಟು ವರ್ಷ ಆಡಿದ್ರೂ ಈ ಯೋಚನೆ ತಲೆಗೆ ಬರೋ ಸಂದರ್ಭವೇ ಇಲ್ಲ.

ತ್ರೀ ಚೆಕ್‌ನಲ್ಲಿ ಮೂರು ಸಲ ಚೆಕ್ ಕೊಟ್ರೆ ಗೆಲುವು. ರೂಲ್ ಇಷ್ಟೇ, ಆದ್ರೆ ಇದು ಎಷ್ಟು ಕ್ರೂರ ಅಂತ ಒಂದು ಲೈನ್ (ನಡೆಗಳ ಸರಣಿ) ನೋಡಿ. ಇಬ್ಬರೂ ರಾಜನ ಮುಂದಿನ ಪಾನ್ ಎರಡು ಮನೆ ತಳ್ಳಿದ್ರು, ಬಿಳಿ ಒಂಟೆ ಸಿ4ಗೆ ಬಂತು, ಕಪ್ಪು ಕುದುರೆ ಸಿ6ಗೆ ಬಂತು. ಯಾವ ಪುಸ್ತಕ ತೆಗೆದ್ರೂ ಒಳ್ಳೆ ನಡೆಗಳೇ. ಈಗ ಒಂಟೆ ಎಫ್7 ಪಾನ್ ಹೊಡೆದು ಚೆಕ್, ರಾಜ ಅದನ್ನ ಹೊಡೆದ. ರಾಣಿ ಎಚ್5ಗೆ ಬಂದು ಎರಡನೇ ಚೆಕ್. ಕಪ್ಪಿನವರು ಜಿ6 ಆಡಿ ತಡೆದ್ರೆ ರಾಣಿ ಎಫ್3ಗೆ ಹೋಗಿ ಮೂರನೇ ಚೆಕ್, ರಾಜ ಬೇರೆ ಎಲ್ಲಿಗೆ ಓಡಿದ್ರೂ ಒಂದಲ್ಲ ಒಂದು ಚೆಕ್ ಇದ್ದೇ ಇದೆ. ಐದನೇ ನಡೆಗೇ ಆಟ ಮುಗೀತು. ಅಂದ್ರೆ ಇಲ್ಲಿ ಒಂದು ಚೆಕ್‌ಗೆ ಒಂದು ಒಂಟೆ ಕೊಡೋದು ಲಾಭದ ವ್ಯಾಪಾರ ಆಗಬಹುದು.

ಕಿಂಗ್ ಆಫ್ ದ ಹಿಲ್, ಅಂದ್ರೆ ರಾಜನನ್ನ ನಡುವಿನ ನಾಲ್ಕು ಮನೆಗೆ ಸೇರಿಸಿದ್ರೂ ಗೆಲುವು ಅನ್ನೋದು, ಹೊಸಬರಿಗೆ ಚೆನ್ನಾಗಿರುತ್ತೆ. ಹೋರ್ಡ್‌ನಲ್ಲಿ 36 ಬಿಳಿ ಪಾನ್‌ಗಳು ಕಪ್ಪಿನ ಪೂರ್ತಿ ಸೈನ್ಯದ ಎದುರು ನಿಲ್ತವೆ, ನೋಡೋಕೆ ಭರ್ಜರಿ, ಆದ್ರೆ ನನಗೆ ಅಷ್ಟೊಂದು ರುಚಿಸಲಿಲ್ಲ.

ಆಂಟಿಚೆಸ್ ಮಾತ್ರ ಗಂಭೀರವಾಗಿ ತಗೊಳ್ಳಬೇಕಾದ ಆಟ. ತನ್ನ ಕಾಯಿಗಳನ್ನೆಲ್ಲ ಮೊದಲು ಕಳ್ಕೊಂಡೋರು ಗೆದ್ದರು, ಹೊಡಿಯೋ ಅವಕಾಶ ಇದ್ರೆ ಹೊಡಿಯಲೇಬೇಕು. ಈ ಕಡ್ಡಾಯದಿಂದಾಗಿ ಎದುರಿನವರ ನಡೆನೂ ನೀವೇ ನಿರ್ಧಾರ ಮಾಡೋ ಹಾಗಾಗುತ್ತೆ. ಒಂದು ಪಾನ್ ಮುಂದೆ ಇಟ್ರೆ ಅವರ ರಾಣಿ ಬೇಡ ಅಂದ್ರೂ ಬಂದು ಹೊಡೀಬೇಕು, ಆಮೇಲೆ ಇನ್ನೊಂದು, ಮತ್ತೊಂದು. ದೂರ ಹೋಗೋ ಶಕ್ತಿನೇ ಅಲ್ಲಿ ಭಾರ. 2016ರಲ್ಲಿ ಮಾರ್ಕ್ ವಾಟ್‌ಕಿನ್ಸ್ ಅನ್ನೋರು ಕಂಪ್ಯೂಟರ್ ಸಹಾಯದಿಂದ ಇದನ್ನ ಬಿಡಿಸಿ, ಬಿಳಿಯವರು ಇ3 ಆಡಿ ಶುರು ಮಾಡಿದ್ರೆ ಗೆಲುವು ಖಚಿತ ಅಂತ ಸಾಬೀತು ಮಾಡಿದ್ರು. ಅಷ್ಟೂ ದಾರಿ ನೆನಪಿಟ್ಕೊಂಡು ಆಡೋದು ಮನುಷ್ಯರ ಕೈಲಿ ಆಗಲ್ಲ, ಹಾಗಾಗಿ ಆಟದ ಮಜಾ ಏನೂ ಕಡಿಮೆ ಆಗಿಲ್ಲ.

ಓಪನಿಂಗ್ (ಆಟದ ಶುರುವಿನ ನಡೆಗಳು) ಬಾಯಿಪಾಠ ಮಾಡಿ ಮಾಡಿ ಬೇಜಾರಾಗಿರೋರಿಗೆ ಚೆಸ್960 ಇದೆ. ಬಾಬಿ ಫಿಷರ್ 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಇದನ್ನ ಘೋಷಿಸಿದ್ರು. ಹಿಂದಿನ ಸಾಲಿನ ಕಾಯಿಗಳು ಲಾಟರಿ ಥರ ಬದಲಾಗ್ತವೆ, ಒಂಟೆಗಳು ಬೇರೆ ಬೇರೆ ಬಣ್ಣದ ಮನೇಲಿ ಇರಬೇಕು, ರಾಜ ಎರಡು ಆನೆಗಳ ಮಧ್ಯೆ ಇರಬೇಕು, ಅಷ್ಟೇ ಷರತ್ತು, ಒಟ್ಟು 960 ಜೋಡಣೆ ಸಿಗುತ್ತೆ. ಮಾಮೂಲಿ ಜೋಡಣೇಲಿ ಎಲ್ಲ ಪಾನ್‌ಗೂ ಕಾವಲಿರುತ್ತೆ, ಇಲ್ಲಿ ಕೆಲವು ಸಲ ಒಂದೆರಡು ಪಾನ್ ಶುರುವಿನಿಂದಲೇ ಒಂಟಿ, ಮೂಲೇಲಿರೋ ಒಂಟೆ ಒಂದು ಪಾನ್ ಸರಿದ ಕೂಡಲೇ ಆ ಒಂಟಿ ಪಾನ್ ಕಡೆಗೆ ಗುರಿ ಇಟ್ಟಿರುತ್ತೆ. ಅದಕ್ಕೇ ಮೊದಲನೇ ನಡೆಗೆ ಮುಂಚೆ ಒಂದು ನಿಮಿಷ ಅದನ್ನ ಹುಡುಕೋದು ಒಳ್ಳೇದು. 2019ರಲ್ಲಿ ಈ ಆಟದ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ವೆಸ್ಲಿ ಸೋ, ಮಾಮೂಲಿ ಚೆಸ್‌ನ ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್‌ರನ್ನ 13.5-2.5 ಅಂತ ಸೋಲಿಸಿದ್ರು, ಮಾಮೂಲಿ ಚೆಸ್‌ನಲ್ಲಿ ಕಾರ್ಲ್‌ಸನ್ ಆ ಅಂತರದಲ್ಲಿ ಸೋಲೋದು ಊಹಿಸೋಕೂ ಆಗಲ್ಲ.

ಕೊನೇದಾಗಿ ಡಕ್ ಚೆಸ್, ಟಿಮ್ ಪಾಲ್ಡೆನ್ 2016ರಲ್ಲಿ ಮಾಡಿದ್ದು. ಬೋರ್ಡ್ ಮೇಲೆ ಒಂದು ಬಾತುಕೋಳಿ ಇರುತ್ತೆ, ನಿಮ್ಮ ನಡೆ ಆದ್ಮೇಲೆ ಅದನ್ನ ಎತ್ತಿ ಬೇರೆ ಖಾಲಿ ಮನೇಲಿ ಇಡಲೇಬೇಕು, ಅದನ್ನ ಹೊಡಿಯೋಕೆ ಆಗಲ್ಲ, ಚೆಕ್ ಮೇಟ್ ಇಲ್ಲ, ರಾಜನನ್ನೇ ಹೊಡೆದು ಗೆಲ್ಲಬೇಕು. ಹೆಸರು ಕೇಳಿ ಮಕ್ಕಳಾಟ ಅಂದ್ಕೋಬೇಡಿ, ಲೆಕ್ಕಾಚಾರ ತುಂಬ ಬಿಗಿ. ದೂರದಿಂದ ಆನೆ ಅಥವಾ ಒಂಟೆ ಗುರಿ ಇಟ್ರೆ ಮಧ್ಯೆ ಬಾತುಕೋಳಿ ಬಂದು ಕೂರುತ್ತೆ, ಹಾಗಾಗಿ ಒಂದೇ ಬೆದರಿಕೆ ಸಾಲದು, ಎರಡು ಬೇಕು. ಇಲ್ಲೂ ಕುದುರೆನೇ ಮೇಲು, ಅದು ಬಾತುಕೋಳಿ ಮೇಲಿಂದ ಹಾರುತ್ತೆ. ಇನ್ನೊಂದು ಸೂಕ್ಷ್ಮ, ನೀವು ಇಟ್ಟ ಬಾತುಕೋಳಿ ಎದುರಿನವರ ಒಂದೇ ಒಂದು ನಡೆ ತಡೆಯುತ್ತೆ, ಆಮೇಲೆ ಅವರು ಅದನ್ನ ಎತ್ತಲೇಬೇಕು, ಎತ್ತಿ ನಿಮಗೆ ಬೇಕಾದ ದಾರೀಲೇ ಇಡ್ತಾರೆ. ಹಾಗಾಗಿ ನಿಮ್ಮ ಮುಂದಿನ ಒಂದು ನಡೆಯಲ್ಲೇ ರಾಜನನ್ನ ದಾಳಿಯ ಸಾಲಿಂದ ಸರಿಸೋಕೆ ದಾರಿ ಇದ್ಯಾ, ಅವರು ಬಾತುಕೋಳಿ ಎಲ್ಲಿಟ್ರೂ ಆ ದಾರಿ ಉಳಿಯುತ್ತಾ ಅಂತ ಮೊದಲೇ ನೋಡಿ ಇಡಿ.