ಹಲಸಿನ ಸ್ಟಾಕ್, ಭಾಗ 4: ಮಳೆಗಾಲದಲ್ಲೂ ಝೀರೋ ನಿಂತ್ಕೊಳ್ತು

ನಿನ್ನೆ ಮಘೆ ಮಳೆ ಒಂದು ಗಂಟೆ ಬಿಡುವು ಕೊಡ್ತು. ಓಡಿ ಹೋಗಿ ಕಾಫಿ ಕಣದಲ್ಲಿ 50 ಮೀಟರ್‌ಗೆ ಟಾರ್ಗೆಟ್ ನಿಲ್ಸಿ ನನ್ನ ಏರ್ ರೈಫಲ್ಲಿಂದ ಐದು ಪೆಲೆಟ್ ಹೊಡ್ದೆ, ಐದೂ 22 ಮಿಲಿಮೀಟರ್ ಒಳಗೆ, ಅದೂ ಏಪ್ರಿಲ್‌ನಲ್ಲಿ ಎಲ್ಲಿ ಬೀಳ್ತಿತ್ತೋ ಹೆಚ್ಚುಕಮ್ಮಿ ಅಲ್ಲೇ. ಸ್ಕೋಪಿನ ಒಂದು ಕ್ಲಿಕ್ಕೂ ತಿರುಗಿಸಿಲ್ಲ. ಅಂದ್ರೆ ಝೀರೋ, ಸ್ಕೋಪ್ ತೋರಿಸೋ ಜಾಗಕ್ಕೇ ಪೆಲೆಟ್ ಬೀಳೋ ಹೊಂದಾಣಿಕೆ, ಕದಲಿಲ್ಲ. ಆ ಕಾಗದ ತಂದು ಅಡುಗೆಮನೆ ಗೋಡೆಗೆ ಅಂಟಿಸಿದೀನಿ, ಅಮ್ಮನೂ ಬೇಡ ಅನ್ಲಿಲ್ಲ.

ಹೊಸಬರಿಗೆ ಎರಡೇ ಮಾತು: ಬೋಲ್ಟ್ ಆ್ಯಕ್ಷನ್ ಪಿಸಿಪಿ (ಮೊದಲೇ ಟ್ಯೂಬಿಗೆ ತುಂಬಿಟ್ಟ ಗಾಳಿಯ ಒತ್ತಡದಲ್ಲಿ ಹೊಡೆಯೋ ರೈಫಲ್), 0.177 ಇಂಚು ಬೋರ್, 10.34 ಗ್ರೇನ್ ಪೆಲೆಟ್ ಸೆಕೆಂಡಿಗೆ 238 ಮೀಟರ್ ಹೋಗುತ್ತೆ, ಅಂದ್ರೆ 19 ಜೂಲ್, ಲೈಸೆನ್ಸ್ ಬೇಡದ 20 ಜೂಲ್ ಮಿತಿಯ ಒಳಗೇ ಇದೆ. ಸ್ಟಾಕ್, ಅಂದ್ರೆ ರೈಫಲ್ಲಿನ ಮರದ ಒಡಲು, ಮಾಡಿದ್ದು ಅಜ್ಜನ ಕಾಲದ ಮನೆ ಬಿಚ್ಚಿದಾಗ ಸಿಕ್ಕ ಹಲಸಿನ ತೊಲೆಯಿಂದ. ಕೊರೆದದ್ದು, ತೀಡಿದ್ದು, ಎಣ್ಣೆ ಕುಡಿಸಿದ್ದು ಎಲ್ಲ ಹಿಂದಿನ ಭಾಗಗಳಲ್ಲಿ ಬಂದಿದೆ.

ಆಕಾರ ಮಾತ್ರ ಈಗ ಹೊರದೇಶದಲ್ಲಿ ಬರ್ತಿರೋ ಲಾಂಗ್ ರೇಂಜ್ ಹಂಟಿಂಗ್ ರೈಫಲ್‌ಗಳದ್ದು, ಹಿಡಿ ನೇರಕ್ಕೆ ಇಳಿದಿರುತ್ತೆ, ಮುಂಭಾಗದ ತಳ ಚಪ್ಪಟೆ, ಕೆನ್ನೆ ಇಡೋ ಜಾಗ ಮೇಲೆ ಕೆಳಗೆ ಆಗುತ್ತೆ. 2007ರಲ್ಲಿ ಹಾರ್ನಡಿ ಕಂಪನಿಯವರು 6.5 ಕ್ರೀಡ್‌ಮೋರ್ ಅನ್ನೋ ತೋಟಾ ತಂದಿದ್ದು ಟಾರ್ಗೆಟ್ ಹೊಡೆಯೋರಿಗೆ ಅಂತ, ಆಮೇಲೆ ಶಿಕಾರಿಯವರೂ ಅದನ್ನೇ ಹಿಡ್ಕೊಂಡ್ರು, ರೈಫಲ್‌ಗಳ ರೂಪಾನೂ ಅದರ ಹಿಂದೇನೇ ಬದಲಾಯ್ತು, ಕಾರ್ಬನ್ ಫೈಬರ್ ಸುತ್ತಿದ ನಳಿಗೆ, ಎಂಟು ಇಂಚಿಗೆ ಒಂದು ಸುತ್ತು ತಿರುಗೋ ರೈಫ್ಲಿಂಗ್ (ನಳಿಗೆ ಒಳಗಿನ ಸುರುಳಿ ಗೆರೆ), ಸಿಂಥೆಟಿಕ್ ಸ್ಟಾಕ್. ನಮ್ಮ ಶೂಟಿಂಗ್ ಗೆಳೆಯರು ಸೇರಿದ್ರೆ ಇದೇ ಜಗಳ. ಒಬ್ರಿಗೆ 1936ರ ವಿಂಚೆಸ್ಟರ್ ಮಾಡೆಲ್ 70 ಥರ ವಾಲ್ನಟ್ ಮರ, ನೀಲಿ ಉಕ್ಕು ಇದ್ರೇನೇ ರೈಫಲ್, ಪ್ಲಾಸ್ಟಿಕ್ ಹಿಡಿದ್ರೆ ಡ್ರಿಲ್ಲಿಂಗ್ ಮೆಷಿನ್ ಹಿಡಿದಂಗೆ. ಇನ್ನೊಬ್ರು, ಮಳೇಲಿ ನಿಂತು 500 ಮೀಟರ್‌ಗೆ ಗುರಿ ಇಡೋನಿಗೆ ಮರ ನಂಬಿಕೆಗೆ ಅರ್ಹ ಅಲ್ಲ ಅಂತಾರೆ. ಅಷ್ಟು ದೂರಕ್ಕೆ ಪ್ರಾಣಿಗೆ ಹೊಡೆಯೋದೇ ಸರಿಯಾ ಅನ್ನೋ ಪ್ರಶ್ನೆ ಬೇರೆ, ನನಗಂತೂ ಸರಿ ಅನ್ಸಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ನಮ್ಮಲ್ಲಿ ಶಿಕಾರಿ ಮುಗಿದ ಕಥೆ, ಮುಗಿದಿದ್ದೇ ಒಳ್ಳೇದಾಯ್ತು, ನಾವು ಹೊಡೆಯೋದು ಕಾಗದಕ್ಕೆ. ಆದ್ರೆ ಮರ ನಂಬೋಕಾಗಲ್ಲ ಅನ್ನೋ ಮಾತು ನನಗೆ ಚುಚ್ಚಿತ್ತು.

ಚುಚ್ಚೋಕೆ ಕಾರಣ ಇತ್ತು. ಏಪ್ರಿಲ್‌ನಲ್ಲಿ ಹೂಮಳೆ ಆದ್ಮೇಲೆ ಝೀರೋ ಮಾಡಿ ಇಟ್ಟಿದ್ದ ರೈಫಲ್ಲು ಪುನರ್ವಸು ಮಳೇಲಿ ತೆಗೆದ್ರೆ ಪೆಲೆಟ್ ತೂತುಗಳ ಗುಂಪು 31 ಮಿಲಿಮೀಟರ್ ಎಡಕ್ಕೆ ಹೋಗಿತ್ತು, ಗುಂಪೂ ಒಡ್ಕೊಂಡು 40ಕ್ಕೆ ಬಂದಿತ್ತು. ಒಂದು ಕ್ಲಿಕ್ಕಿಗೆ ಕಾಲು ಎಂಒಎ (ಕೋನದ ಅಳತೆ, 50 ಮೀಟರ್‌ಗೆ ಸುಮಾರು 3.6 ಮಿಲಿಮೀಟರ್) ಸರಿಯೋ ಸ್ಕೋಪಲ್ಲಿ ಅದು ಎಂಟೂವರೆ ಕ್ಲಿಕ್. ಮೊದಲು ಸ್ಕೋಪ್ ಕೂರಿಸೋ ಮೌಂಟ್ ಮೇಲೆ ಅನುಮಾನ ಬಂತು. ಯಾಕಂದ್ರೆ ಬೆಂಗಳೂರಿನ ಅಂಗಡಿಯವನಿಗೆ ನಾನು 11 ಮಿಲಿಮೀಟರ್ ಡವ್‌ಟೇಲ್ ಅಂತ ಎರಡು ಸಲ ಬರೆದು ಕಳಿಸಿದ್ರೂ ಅದಕ್ಕೆ ಕೂರದ ಬೇರೆ ಥರದ ಪಿಕಟಿನ್ನಿ ಮೌಂಟ್ ಕಳಿಸಿ, ವಾಪಸ್ ತಗೊಳೋಕೆ ಮೂರು ವಾರ ಸತಾಯಿಸಿ, ಬದಲಿಗೆ ಕೊಟ್ಟಿದ್ದ ಮೌಂಟಿನ ಒಂದು ಸ್ಕ್ರೂ ಥ್ರೆಡ್ಡೇ ಸವೆದಿತ್ತು. ಸ್ಕ್ರೂ ಬದಲಾಯಿಸಿದೆ, ಏನೂ ಆಗ್ಲಿಲ್ಲ. ಗೆಳೆಯನ ಸ್ಕೋಪ್ ಹಾಕಿದೆ, ಅದೂ ಎಡಕ್ಕೇ. ಪೆಲೆಟ್ ತೊಳೆದೆ, ತೂಗಿದೆ, ಹೊಸ ಡಬ್ಬಿ ಒಡೆದೆ. ಕ್ರೋನೋಗ್ರಾಫಲ್ಲಿ ವೇಗ ಒಂದೇ ಸಮ, ಹಾಗಾಗಿ ಗಾಳಿಯ ಒತ್ತಡ ಸಮ ಇಡೋ ರೆಗ್ಯುಲೇಟರ್ ಬಚಾವ್.

ಅವತ್ತು ಆಚಾರ್ರು ಉಗ್ರಾಣದ ಬಾಗಿಲು ಸರಿ ಮಾಡೋಕೆ ಬಂದಿದ್ರು. ಪ್ರತಿ ವರ್ಷ ಜುಲೈ ಬಂದ್ರೆ ಆ ಬಾಗಿಲು ದಾರಂದಕ್ಕೆ ಕಚ್ಚಿಕೊಳ್ಳುತ್ತೆ, ಭುಜ ಕೊಟ್ಟು ನೂಕಬೇಕು. ಅವರು ಬಾಗಿಲು ಬಿಚ್ಚಿ ಮಲಗಿಸಿ, ಮೇಲಿನ ಅಂಚನ್ನ ನನಗೆ ತೋರಿಸಿದ್ರು. "ನೋಡಿ ಅಣ್ಣ, ಎರಡು ಮುಖಕ್ಕೂ ಪೇಂಟ್ ಬಳಿದಿದಾರೆ, ಈ ತುದಿಗೆ ಯಾರೂ ಮುಟ್ಟೇ ಇಲ್ಲ. ನೀರೆಲ್ಲ ಇಲ್ಲಿಂದಾನೇ ಕುಡಿಯೋದು." ಪೇಂಟ್ ಕಾಣದ ಆ ಅಂಚು ಕೈಗೆ ಒದ್ದೆ ಬಟ್ಟೆ ಥರ ತಣ್ಣಗಿತ್ತು.

ನಾನು ಅಲ್ಲಿಂದ ಎದ್ದು ಸೀದಾ ಒಳಗೆ ಹೋಗಿ ರೈಫಲ್ ಬಿಚ್ಚಿದೆ. ಹೊರಗೆ ಆರು ಕೋಟ್ ಅಗಸೆ ಎಣ್ಣೆ, ಒಳಗೆ ಏರ್ ಟ್ಯೂಬ್ ಕೂರೋ ಗಾಡಿಯಲ್ಲಿ (ಕೊರೆದ ಕಾಲುವೆಯಲ್ಲಿ) ಒಂದು ಹನಿಯೂ ಇಲ್ಲ, ಉಳಿ ಬಿಟ್ಟಿದ್ದ ಬರೀ ಮರ ಹಾಗೇ ಇತ್ತು. ವರ್ನಿಯರ್ ಇಟ್ಟೆ. ಏಪ್ರಿಲ್‌ನಲ್ಲಿ 52 ಮಿಲಿಮೀಟರ್ ಇದ್ದ ಮುಂಭಾಗ 52.6 ಆಗಿತ್ತು. ಮೆಣಸು ತೂಗೋ ತಕ್ಕಡಿ ಮೇಲಿಟ್ರೆ 1,310 ಗ್ರಾಂ ಇದ್ದ ಸ್ಟಾಕ್ ಈಗ 1,384. ಎಪ್ಪತ್ನಾಲ್ಕು ಗ್ರಾಂ ನೀರು! ಮರ ಉದ್ದಕ್ಕೆ ಹಿಗ್ಗೋದು ಇಲ್ಲವೇ ಇಲ್ಲ ಅನ್ನಬಹುದು, ಅಡ್ಡಕ್ಕೇ ಹಿಗ್ಗೋದು. ಮತ್ತೆ ಜೋಡಿಸಿ, ಟ್ಯೂಬಿಗೂ ಮರಕ್ಕೂ ನಡುವೆ ಕಾಗದದ ಪಟ್ಟಿ ಎಳೆದೆ. ಎಡಗಡೆ ಸಲೀಸಾಗಿ ಹೋಯ್ತು, ಬಲಗಡೆ ತುದಿಯಿಂದ ನಾಲ್ಕು ಬೆರಳು ಒಳಗೆ ಹೋಗಿ ಗಕ್ಕನೆ ನಿಂತ್ಕೊಳ್ತು, ಎಳೆದ್ರೆ ಹರೀತು. ಮರ ಟ್ಯೂಬನ್ನ ಒತ್ತುತ್ತಿದೆ, ಟ್ಯೂಬು ಎರಡನ್ನೂ ಸೇರಿಸಿ ಹಿಡಿದಿರೋ ಬ್ಯಾಂಡ್ ಮೂಲಕ ನಳಿಗೆಯನ್ನ ಎಡಕ್ಕೆ ತಳ್ತಿದೆ. ಅಷ್ಟೇ ವಿಷ್ಯ, ಇದಕ್ಕೆ ನಾನು ಒಂದೂವರೆ ಡಬ್ಬಿ ಪೆಲೆಟ್ ಸುಟ್ಟಿದ್ದೆ.

ತಕ್ಷಣ ಸೀಲ್ ಮಾಡೋ ಹಾಗಿಲ್ಲ, ನೀರು ಒಳಗೇ ಉಳಿಯುತ್ತೆ. ಬಚ್ಚಲು ಒಲೆ ಮೇಲಿನ ಅಟ್ಟದಲ್ಲಿ, ಹೊಗೆ ತಾಗದ ಮೂಲೇಲಿ ಇಟ್ಟು ದಿನಾ ಸಾಯಂಕಾಲ ತೂಗ್ತಿದ್ದೆ. ಹೊರಗೆ ದಿನಕ್ಕೆ ಎರಡು ಇಂಚು ಮೂರು ಇಂಚು ಮಳೆ, ಕರೆಂಟು ಇರೋದೇ ಅಪರೂಪ. 1,384, 1,371, 1,360... 19ನೇ ದಿನ 1,318ಕ್ಕೆ ಬಂದು ಮೂರು ದಿನ ಅಲ್ಲೇ ನಿಂತ್ಮೇಲೆ ಇಳಿಸಿದೆ. ಗಾಡಿಯನ್ನ ಎರಡೂ ಕಡೆ ಒಂದೂವರೆ ಮಿಲಿಮೀಟರ್ ಅಗಲ ಮಾಡಿದೆ. ಹಾಸನದ ಲೇತ್‌ನವರು ತಿರುಗಿಸಿಕೊಟ್ಟ ಎರಡು ಅಲ್ಯೂಮಿನಿಯಂ ಪಿಲ್ಲರ್ ಸ್ಕ್ರೂ ತೂತುಗಳಿಗೆ ಇಳಿಸಿದೆ, ಇನ್ನು ಸ್ಕ್ರೂ ಬಿಗಿ ಮಾಡಿದ್ರೆ ಭಾರ ಬೀಳೋದು ಲೋಹದ ಮೇಲೆ, ಮರ ಹಿಗ್ಗಲಿ ಕುಗ್ಗಲಿ ಅದರ ಪಾಡಿಗೆ. ಬೆಡ್ಡಿಂಗ್‌ಗೆ (ಲೋಹ ಮರದಲ್ಲಿ ಅಲ್ಲಾಡದೆ ಕೂರೋ ಹಾಸಿಗೆಗೆ) ಎಪಾಕ್ಸಿ, ಅದು ಅಂಟದ ಹಾಗೆ ಲೋಹಕ್ಕೆ ಬಣ್ಣ ಇಲ್ಲದ ಶೂ ಪಾಲಿಶ್ ಎರಡು ಸಲ, ಪಾಲಿಶ್ ಒಂದು ಕಡೆ ಬಿಟ್ಟು ಹೋದ್ರೂ ಆ್ಯಕ್ಷನ್ (ಬೋಲ್ಟ್ ಇರೋ ಲೋಹದ ಭಾಗ) ಶಾಶ್ವತವಾಗಿ ಅಂಟಿಕೊಳ್ಳುತ್ತೆ, ದಯವಿಟ್ಟು ಟಾರ್ಚ್ ಹಾಕಿ ನೋಡಿ. ಮೊದಲು ತರಿಸಿದ ಹಾರ್ಡನರ್ ಡಬ್ಬಿ ಮುಚ್ಚಳ ತೆಗೆದ್ರೆ ಹಳೇ ಬೆಲ್ಲದಂಗೆ ಗಟ್ಟಿ, ಮಾರಿದವರು ಫೋನೇ ಎತ್ತಲಿಲ್ಲ, ಇನ್ನೊಂದು ಕಡೆಯಿಂದ ತರಿಸೋಕೆ ಒಂದು ವಾರ ಹೋಯ್ತು. ಕೊನೆಗೆ ತೆಳು ಎಪಾಕ್ಸಿ ಎರಡು ಕೋಟ್, ಗಾಡಿ ಒಳಗೆ, ಸ್ಕ್ರೂ ತೂತಿನ ಗೋಡೆಗೆ, ಭುಜಕ್ಕೆ ಆನೋ ಬಟ್ ಪ್ಯಾಡ್ ಅಡಿಯ ತುದಿ ಮರಕ್ಕೆ, ಕಣ್ಣಿಗೆ ಕಾಣದ ಎಲ್ಲಾ ಕಡೆಗೂ. ಅಗಸೆ ಎಣ್ಣೆ ಹೊಳಪು ಕೊಡುತ್ತೆ ನಿಜ, ಗಾಳಿಯ ತೇವ ತಡೆಯೋ ತಾಕತ್ತು ಅದಕ್ಕಿಲ್ಲ.

ಆಮೇಲೆ ಬೇಕಂತಲೇ ಹತ್ತು ದಿನ ಜಗಲಿ ಮೇಲೆ, ಎರಚಲು ತಾಗದಷ್ಟು ಒಳಗೆ ಇಟ್ಟೆ. ತೂಕ ಏರಿದ್ದು 9 ಗ್ರಾಂ. ನಿನ್ನೆಯ ಗುಂಪಿನ ನಡು ಏಪ್ರಿಲ್‌ನ ನಡುವಿನಿಂದ 3 ಮಿಲಿಮೀಟರ್ ಆಚೆ, ಒಂದು ಕ್ಲಿಕ್ಕಿಗೂ ಕಮ್ಮಿ. ಕಾಗದದ ಪಟ್ಟಿ ಎರಡೂ ಕಡೆ ಕೊನೆವರೆಗೂ ಓಡುತ್ತೆ. ಮರ ನಂಬಬಾರದು ಅಂದ ಗೆಳೆಯನ್ನ ಭಾನುವಾರ ಕರೆದಿದೀನಿ, ಪಟ್ಟಿ ಅವನ ಕೈಲೇ ಎಳೆಸ್ತೀನಿ.

ಈ ಮಧ್ಯೆ ತಲೆಗೆ ಇನ್ನೊಂದು ಹೊಕ್ಕಿದೆ. ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರ ಇದೆ. ಅದನ್ನ 6 ಮಿಲಿಮೀಟರ್ ಹಲಗೆ ಸೀಳಿಸಿ, ಎಂಟು ಪದರ ಎಪಾಕ್ಸಿಯಲ್ಲಿ ಅಂಟಿಸಿ ಲ್ಯಾಮಿನೇಟ್ ಸ್ಟಾಕ್ ಮಾಡಬೇಕು ಅಂತ. ಪದರಗಳ ನಾರು ಒಂದನ್ನೊಂದು ಹಿಡ್ಕೊಳೋದ್ರಿಂದ ಸೊಟ್ಟ ಆಗೋದು ಕಮ್ಮಿ, ಸಿಲ್ವರ್ ಹಗುರಾನೂ ಹೌದು, ಕೀಸಿದ ಹಲಗೆ ಮೇಲೆ ಬೆಳಕು ಬಿದ್ದಾಗ ಬರೋ ಆ ಚುಕ್ಕೆ ಚುಕ್ಕೆ ಹೊಳಪು ನೋಡೇ ಇರ್ತೀರ. ಹಲಗೆಗಳು ಸಾ ಮಿಲ್‌ನಿಂದ ಮೊನ್ನೆ ಬಂದಿವೆ, ಅಟ್ಟ ಖಾಲಿ ಇತ್ತಲ್ಲ, ಏರಿಸಿದೀನಿ. ಮೊದಲನೇ ತೂಕ ಬರೆದಿಟ್ಟಾಯ್ತು: ಎಂಟೂ ಸೇರಿ 4,260 ಗ್ರಾಂ.